ಸಹಿ ಇಲ್ಲದ ಕೋಲು

ಟೊಲೀಡೊದ ಆ ಹೋಟೆಲಿನ ದೊಡ್ಡ ಹಾಲಿನಲ್ಲಿ, ಮೇಜಿನ ಮೇಲೆ ಚೆಂಡು ಹೊಡೆದು ಆಡುವ ಪೂಲ್ ಆಟದ ಕ್ಯೂ ಕೋಲುಗಳು ಮುನ್ನೂರಕ್ಕೂ ಮೇಲಿದ್ದವು. ಆಡುವ ಮೇಜು ಒಂದೇ ಇತ್ತು. ಅದರ ಮೇಲೂ ಬಿಳಿ ಬಟ್ಟೆ ಹಾಸಿ ಕಾಫಿ ಲೋಟಗಳನ್ನು ಜೋಡಿಸಿದ್ದರು. ಕೈಯಿಂದ ಮಾಡಿದ ಕೋಲುಗಳನ್ನು ಕೂಡಿಡುವ ಜನ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಇಲ್ಲಿ ಸೇರುತ್ತಾರೆ. ಒಬ್ಬರೂ ಒಂದು ಚೆಂಡು ಹೊಡೆಯುವುದಿಲ್ಲ. ಯಾರಾದರೂ ಮೈಮರೆತು, ಆಡಲು ಹೊರಟವರ ಹಾಗೆ, ಕೋಲಿನ ತುದಿಗೆ ಚಾಕ್ ಉಜ್ಜಿದರೆ ಸುತ್ತಲಿನವರು ಅವನನ್ನು ಕೊಲೆಗಾರನನ್ನು ನೋಡಿದ ಹಾಗೆ ನೋಡುತ್ತಾರೆ. ಬಿಳಿ ಗವಸು ಹಾಕಿಕೊಂಡು ಕಪ್ಪು ಮಖಮಲ್ಲಿನ ಮೇಲಿಂದ ಕೋಲನ್ನು ಎತ್ತಿ, ಬೆಳಕಿಗೆ ಹಿಡಿದು, ಒಂದು ನಿಟ್ಟುಸಿರು ಬಿಟ್ಟು, ಮಗುವನ್ನು ಮಲಗಿಸಿದಂತೆ ಮತ್ತೆ ಮಲಗಿಸುತ್ತಾರೆ. ಕೋಲು ಮಾಡುವ ನಾವು ಅವನ್ನು ಮಾಡಿದ್ದು ಚೆಂಡು ಹೊಡೆಯಲಿ ಅಂತಲೇ. ಇರಲಿ, ನನ್ನನ್ನು ಕೇಳಿದವರು ಯಾರು?

ನನ್ನ ಹೆಸರು ಲೈಲ್ ಬ್ರೆಕಿ. ಈ ಹಾಲಿನಲ್ಲಿ ನನ್ನನ್ನು ಎಲ್ಲರೂ 'ದಾರದ ಲೈಲ್' ಅನ್ನುತ್ತಾರೆ. ಫೋರ್ಟ್ ವೇನ್ ಊರಿನಲ್ಲಿ ಆರ್ವಿಲ್ ಟೆಸ್ಮರ್ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಮೂವತ್ತಾರು ವರ್ಷ ಕೆಲಸ ಮಾಡಿದೆ. ಮರ ಆರಿಸುವುದು, ಲೇತಿನ ಮೇಲೆ ಕಡೆಯುವುದು, ಮೇಪಲ್ ಮರದೊಳಗೆ ಎಬೊನಿ ಎಂಬ ಕರಿಮರದ ಉದ್ದನೆಯ ಮೊನೆಗಳನ್ನು ಕೂರಿಸುವುದು, ಮುತ್ತಿನ ಚಿಪ್ಪನ್ನು ಕತ್ತರಿಸಿ ಕೆತ್ತುವುದು, ಇದೆಲ್ಲ ಯಜಮಾನರ ಕೆಲಸ. ಹಿಡಿಯ ಜಾಗಕ್ಕೆ ಲಿನನ್ ದಾರ ಸುತ್ತಿ, ಒದ್ದೆ ಮಾಡಿ, ಒತ್ತಿ, ಬೆರಳಿಗೆ ಎಳೆ ಸಿಗದ ಹಾಗೆ ನಯ ಮಾಡುವುದು ನನ್ನದು. ದಾರ ಸುತ್ತುವುದು ಸಣ್ಣ ಕೆಲಸವಲ್ಲ. ಆದರೆ ದಾರ ನೋಡಲು ಅಂತ ಯಾರೂ ಟೊಲೀಡೊಗೆ ಬರುವುದಿಲ್ಲ ಎಂಬುದೂ ನನಗೆ ಗೊತ್ತಿದೆ.

ಯಜಮಾನರು ತಮ್ಮ ಕೋಲುಗಳಿಗೆ ಯಾವತ್ತೂ ಹೆಸರು ಹಾಕಲಿಲ್ಲ. ಎಲ್ಲರೂ ಸಹಿ ಕೆತ್ತುತ್ತಿದ್ದ ಕಾಲದಲ್ಲೂ ಇವರದು ಒಂದೇ ಹಟ. "ಕೈಯಲ್ಲಿ ಹಿಡಿದ್ರೂ ಗುರ್ತು ಸಿಗದವನಿಗೆ ಹೆಸರು ಬರೆದು ತೋರಿಸಿ ಏನಾಗ್ಬೇಕು ಕಣೋ?" ಎನ್ನುತ್ತಿದ್ದರು. ಆ ಹಟದ ಫಲವಾಗಿ ಅವರ ಹೆಸರಿನಲ್ಲಿ ನಕಲಿ ಕೋಲುಗಳು ನಾಯಿಕೊಡೆಯ ಹಾಗೆ ಎದ್ದವು. ಅದಕ್ಕೆ ಈ ಪ್ರದರ್ಶನ ನಡೆಸುವ ಡುವೇನ್ ಹಾಕ್‌ಸ್ಟೆಟ್ಲರ್ ಹನ್ನೆರಡು ವರ್ಷದ ಹಿಂದೆ ಒಂದು ಪದ್ಧತಿ ಶುರು ಮಾಡಿದ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಯಜಮಾನರು ಒಂದು ಮೇಜಿನ ಹಿಂದೆ ಕೂರುತ್ತಾರೆ. ಜನ ತಮ್ಮ ಕೋಲನ್ನು ತಂದು ಅವರ ಕೈಗೆ ಕೊಡುತ್ತಾರೆ. ಅವರು ಅದನ್ನು ಎರಡು ತುಂಡಾಗಿ ಬಿಚ್ಚಿ, ಜೋಡಿಸುವ ತಿರುಪಿನ ಸುತ್ತ ಹೆಬ್ಬೆರಳು ಆಡಿಸಿ, ಕಣ್ಣು ಮುಚ್ಚಿ, "ನಂದು" ಅಥವಾ "ನಂದಲ್ಲ" ಎನ್ನುತ್ತಾರೆ. ನಂದು ಅಂದರೆ ಪಕ್ಕದಲ್ಲಿ ಕೂತ ನಾನು ಒಂದು ಕಾರ್ಡ್ ಬರೆಯುತ್ತೇನೆ, ಅವರು ಅದಕ್ಕೆ ಸಹಿ ಹಾಕುತ್ತಾರೆ. ಆ ಮೇಜಿನ ಮುಂದೆ ವಾದ ಮಾಡುವ ಹಾಗಿಲ್ಲ. ಒಮ್ಮೆ ಸಿನ್ಸಿನಾಟಿಯ ಒಬ್ಬ ವಕೀಲ ಬಾಯಿ ಮಾಡಿದ. ಮುಂದಿನ ವರ್ಷದಿಂದ ಅವನಿಗೆ ಹಾಲಿನೊಳಗೆ ಜಾಗವೇ ಸಿಗಲಿಲ್ಲ.

ಈ ಹನ್ನೆರಡು ವರ್ಷವೂ ನಾನು ಆ ಮೇಜಿಗೆ ಒಂದೇ ಒಂದು ಕೋಲು ಬರಲಿ ಅಂತ ಕಾದಿದ್ದೇನೆ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಯಜಮಾನರು ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡು ಮೂರು ತಿಂಗಳು ಹಾಸಿಗೆ ಹಿಡಿದರು. ಲೂಯಿವಿಲ್ಲಿನ ಒಬ್ಬ ಹಲ್ಲಿನ ಡಾಕ್ಟರ್ ಕೋಲೊಂದನ್ನು ಕೇಳಿ ಎರಡು ವರ್ಷ ಕಾದಿದ್ದ. ಆ ಚಳಿಗಾಲದಲ್ಲಿ ನಾನು ಒಬ್ಬನೇ ಶೆಡ್ಡಿನಲ್ಲಿ ಕೂತು ಆ ಕೋಲು ಮಾಡಿದೆ. ಮರ ನಾನೇ ಆರಿಸಿದೆ, ಮೊನೆ ನಾನೇ ಕೂರಿಸಿದೆ, ಚಿಪ್ಪು ನಾನೇ ಕತ್ತರಿಸಿದೆ. ಆಗ ನನಗೆ ಮೂವತ್ತೇಳು. ಅಷ್ಟು ಖುಷಿಯಾಗಿ ನಾನು ಯಾವತ್ತೂ ಬದುಕಿರಲಿಲ್ಲ, ಆಮೇಲೂ ಬದುಕಲಿಲ್ಲ. ಯಜಮಾನರು ಊರುಗೋಲು ಊರಿಕೊಂಡು ಶೆಡ್ಡಿಗೆ ಬಂದ ದಿನ ಅದನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಡಾಕ್ಟರು ಕೇಳಿದ್ದು ನನ್ನ ಕೋಲು. ನನ್ನ ಹೆಸರಲ್ಲೇ ಹೋಗ್ಲಿ. ಒಂದಿನ ನಾಲ್ಕು ಜನರ ಮುಂದೆ ನಾನೇ ಹೇಳ್ತೀನಿ ಲೈಲ್, ಇದು ನಿಂದು ಅಂತ" ಎಂದರು. ಆ 'ಒಂದಿನ' ಮುಂದಿನ ವಾರವೇನೋ ಎನ್ನುವ ಹಾಗೆ ನಾನು ತಲೆಯಾಡಿಸಿದೆ.

ನೀನೇ ಯಾಕೆ ಹೇಳಲಿಲ್ಲ ಎಂದು ನನ್ನ ಹೆಂಡತಿ ಸಾಯುವವರೆಗೂ ಕೇಳುತ್ತಿದ್ದಳು. ಹೇಳಿದರೆ ಏನಾಗುತ್ತಿತ್ತು ಎಂಬುದು ನನಗೆ ಗೊತ್ತು. ಆಮೇಲೆ ನನ್ನ ಹೆಸರಲ್ಲೇ ನಾಲ್ಕು ಕೋಲು ಮಾಡಿದೆನಲ್ಲ, ನೋಡಿದವರೆಲ್ಲ, "ಆರ್ವಿಲ್ ಅವರನ್ನ ಚೆನ್ನಾಗಿ ಕಾಪಿ ಹೊಡೆದಿದೀಯ ಕಣಯ್ಯಾ" ಎಂದು ಬೆನ್ನು ತಟ್ಟಿ ಹೋದರು. ನಾಲ್ಕೂ ನನ್ನ ಮಂಚದ ಕೆಳಗಿವೆ. ಈ ಲೋಕದಲ್ಲಿ ಆ ಕೋಲು ನನ್ನದು ಎಂದು ಒಬ್ಬರು ಹೇಳಿದರೆ ಮಾತ್ರ ಅದು ನನ್ನದು. ಆ ಒಬ್ಬರು ಆರ್ವಿಲ್ ಟೆಸ್ಮರ್.

ಡಾಕ್ಟರ್ ತೀರಿಕೊಂಡ ಮೇಲೆ ಕೋಲು ಜಪಾನಿಗೆ ಹೋಯಿತು, ಒಸಾಕಾದ ಕಿತಾಬತಾಕೆ ಎನ್ನುವವರ ಮನೆಗೆ. ಈ ವರ್ಷ ಜೂನಿನಲ್ಲಿ ಪ್ರದರ್ಶನದ ಪುಸ್ತಿಕೆ ಅಂಚೆಯಲ್ಲಿ ಬಂತು. ಮುಖಪುಟದ ಮೇಲೆ ನನ್ನ ಕೋಲು. ಕೆಳಗೆ, 'ಟೆಸ್ಮರ್ ಅವರ ಅತ್ಯುತ್ತಮ ಕೃತಿ, ಮೊದಲ ಬಾರಿಗೆ ಮೇಜಿನ ಮೇಲೆ' ಎಂದು ಬರೆದಿತ್ತು. ಅಡುಗೆಮನೆಯಲ್ಲಿ ನಿಂತು ಅದನ್ನು ನೋಡಿ ನಾನು ಅತ್ತುಬಿಟ್ಟೆ. ಅರ್ಧ ಸಂತೋಷಕ್ಕೆ, ಇನ್ನರ್ಧ ಯಾಕೆಂದರೆ, ಯಜಮಾನರಿಗೆ ಆಗಲೇ ಎರಡು ವರ್ಷದಿಂದ ನೆನಪು ಹೋಗುತ್ತಾ ಬಂದಿತ್ತು.

ಈ ವಿಷಯ ಹೊರಗೆ ಯಾರಿಗೂ ಗೊತ್ತಿಲ್ಲ. ಅವರ ಹೆಂಡತಿ ವರ್ನಾ ಅಷ್ಟು ನಾಜೂಕಾಗಿ ಮುಚ್ಚಿಟ್ಟಿದ್ದಾರೆ. ಯಜಮಾನರಿಗೆ ಎಂಬತ್ತೈದು. ಬೆಳಿಗ್ಗೆ ಎದ್ದಾಗ ಎಲ್ಲ ಸರಿಯಿರುತ್ತದೆ, ಹೊತ್ತು ಏರಿದ ಹಾಗೆ ಒಂದೊಂದೇ ಜಾರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಮ್ಮ ಕೋಲು ಯಾವುದು, ಬೇರೆಯವರದು ಯಾವುದು ಎನ್ನುವುದೂ ತಿಳಿಯದು. ಹೋದ ವರ್ಷ ಇದೇ ಹೋಟೆಲಿನಲ್ಲಿ ವರ್ನಾ ನನ್ನನ್ನು ಪಕ್ಕಕ್ಕೆ ಕರೆದು, "ಮೇಜಿನ ಕೆಳಗೆ ಅವರ ಕಾಲು ಒತ್ತು ಲೈಲ್. ಒಂದು ಸಲ ಒತ್ತಿದ್ರೆ ಹೌದು, ಎರಡು ಸಲ ಒತ್ತಿದ್ರೆ ಅಲ್ಲ. ಅವರಿಗೆ ಹೇಳಿಟ್ಟಿದೀನಿ. ಆ ಶೆಡ್ಡಲ್ಲಿ ಮಾಡಿದ್ದೆಲ್ಲ ನಿಂಗೂ ಗೊತ್ತಲ್ಲಪ್ಪಾ" ಎಂದಿದ್ದರು. ಮೋಸವೇ. ಆದರೆ ಕಾರ್ಡಿನ ಮೇಲೆ ಬಂದದ್ದೆಲ್ಲ ನಿಜವೇ ಆಗಿತ್ತು. ನನ್ನ ಕಾಲಿನ ಮಾತನ್ನು ಅವರ ಬಾಯಿ ಹೇಳುತ್ತಿತ್ತು, ಅಷ್ಟೇ.

ಈ ವರ್ಷ ಶನಿವಾರ ಬೆಳಿಗ್ಗೆ ತಿಂಡಿಗೆ ಕೆಳಗೆ ಇಳಿದಾಗ ಯಜಮಾನರು ವಾಫಲ್ ತಿಂಡಿ ಸುಡುವ ಯಂತ್ರದ ಮುಂದೆ ನಿಂತು ಅದರ ಕೀಲನ್ನು ಪರೀಕ್ಷೆ ಮಾಡುತ್ತಿದ್ದರು. ನನ್ನನ್ನು ಕಂಡು, "ಬಾರಯ್ಯಾ ದಾರದವನೇ, ಇದನ್ನ ಮಾಡಿದವನು ಲೇತ್ ಕಂಡವನಲ್ಲ" ಎಂದರು. ಕಣ್ಣು ಚುರುಕಾಗಿತ್ತು. ಕೂತ ಮೇಲೆ ನಾನು ಪುಸ್ತಿಕೆಯನ್ನು ಮೆಲ್ಲಗೆ ಅವರ ತಟ್ಟೆಯ ಪಕ್ಕಕ್ಕೆ ಸರಿಸಿದೆ.

ಅವರು ಮುಖಪುಟ ನೋಡಿದರು. ಫೋರ್ಕ್ ಕೆಳಗಿಟ್ಟರು.

"ಇದು ನಿಂದಲ್ವೇನೋ?" ಎಂದರು.

ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. "ಹೌದು ಆರ್ವಿಲ್. ನೀವು ಸೊಂಟ ಮುರ್ಕೊಂಡಿದ್ರಲ್ಲ, ಆಗ ಮಾಡಿದ್ದು."

"ಗೊತ್ತು ಬಿಡೋ. ನಾನು ಮಾತು ಕೊಟ್ಟಿದ್ದೆ." ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. "ತಡ ಮಾಡ್ಬಿಟ್ಟೆ. ಇವತ್ತು ಹೇಳ್ತೀನಿ. ಆಯ್ತಾ?"

ವರ್ನಾ ತಲೆ ತಗ್ಗಿಸಿ ಕಾಫಿ ಕಲಕುತ್ತಿದ್ದರು. ನಾನು ಎದ್ದವನೇ ಡುವೇನ್‌ನನ್ನು ಹುಡುಕಿಕೊಂಡು ಓಡಿದೆ.

"ಮೇಜಿನ ಕಾರ್ಯಕ್ರಮ ಈಗ್ಲೇ ಮಾಡಿಬಿಡಪ್ಪಾ, ಹತ್ತು ಗಂಟೆಗೆ" ಎಂದೆ.

"ಏನು ಲೈಲ್, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ? ಎರಡು ಗಂಟೆ ಅಂತ ಪುಸ್ತಕದಲ್ಲಿ ಹಾಕಿದೀವಿ."

"ಆ ಜಪಾನಿನವರದೊಂದು ಕೋಲನ್ನಾದ್ರೂ ಬೆಳಿಗ್ಗೆ ತೋರಿಸಿಬಿಡೋಣ."

"ಅವರೆಲ್ಲಿದಾರೆ ತೋರ್ಸೋಕೆ? ಡೆಟ್ರಾಯಿಟ್‌ಗೆ ವಿಮಾನ ಬರೋದೇ ಒಂದು ಗಂಟೆಗೆ. ನೀನು ಹೋಗಿ ಒಂದು ಡೋನಟ್ ತಿನ್ನು, ಮುಖ ಬಾಡಿದೆ."

ಇಂಥವನಿಗೆ ಏನು ಹೇಳುವುದು? ಯಜಮಾನರ ನೆನಪು ಹನ್ನೆರಡು ಗಂಟೆಗೆ ಬಾಗಿಲು ಹಾಕುತ್ತದೆ ಎನ್ನಲೇ? ಅಂದರೆ ಆ ಕ್ಷಣದಿಂದ ಅವರ ಮೇಜೂ ಇರುವುದಿಲ್ಲ, ಮಾತೂ ಇರುವುದಿಲ್ಲ. ಡೋನಟ್ ತೆಗೆದುಕೊಂಡು ವಾಪಸ್ಸು ಬಂದೆ.

ಆಮೇಲಿನದು ಬರೀ ಕಾಯುವುದು. ಹನ್ನೊಂದಕ್ಕೆ ಯಜಮಾನರು ನನ್ನ ಹೆಂಡತಿಯ ಆರೋಗ್ಯ ಕೇಳಿದರು. ಅವಳು ತೀರಿಕೊಂಡು ಆರು ವರ್ಷವಾಗಿದೆ. ಆದರೂ ಚೆನ್ನಾಗಿದ್ದಾಳೆ ಎಂದೆ. ಹನ್ನೆರಡೂವರೆಗೆ ಅದೇ ಪ್ರಶ್ನೆ ಮತ್ತೆ ಬಂತು. ಮಲಗಿ ಎದ್ದರೆ ಸ್ವಲ್ಪ ಸರಿಹೋಗಬಹುದು ಎಂದು ವರ್ನಾ ಅವರನ್ನು ಕೋಣೆಗೆ ಕರೆದುಕೊಂಡು ಹೋದರು. ನಾನು ಲಿಫ್ಟಿನ ಎದುರಿನ ಕುರ್ಚಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದೆ. ಆ ಗಡಿಯಾರವನ್ನು ಕಿತ್ತು ಹೊರಗೆ ಎಸೆಯಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಎರಡು ಗಂಟೆಗೆ ಮೇಜಿನ ಮುಂದೆ ಸಾಲು ಹೊರಬಾಗಿಲಿನವರೆಗೆ ನಿಂತಿತ್ತು. ಯಜಮಾನರು ನೀಲಿ ಕೋಟು ಹಾಕಿಕೊಂಡು, ಕೂದಲು ಬಾಚಿಕೊಂಡು, ರಾಜನ ಹಾಗೆ ಕೂತರು. ಮೇಜಿನ ಬಟ್ಟೆ ನೆಲದವರೆಗೂ ಇಳಿಬಿದ್ದಿತ್ತು. ಒಂದೊಂದೇ ಕೋಲು ಬಂತು. ಒಂದು ಸಲ ಒತ್ತಿದೆ, "ನಂದು." ಎರಡು ಸಲ ಒತ್ತಿದೆ; "ನಂದಲ್ಲ." ಒಬ್ಬ ಹೆಂಗಸಿನ ಕೋಲು ನಕಲಿ ಎಂದಾಗ ಅವಳ ಮುಖ ಸಣ್ಣದಾಯಿತು. ಯಜಮಾನರು, "ಬೇಜಾರು ಮಾಡ್ಕೋಬೇಡಿ ತಾಯಿ, ಆಡೋಕೆ ಇದು ನಂದಕ್ಕಿಂತ ಚೆನ್ನಾಗಿರತ್ತೆ" ಎಂದು ಎಲ್ಲರನ್ನೂ ನಗಿಸಿದರು. ನೆನಪು ಹೋದರೂ ನಾಲಿಗೆ ಹೋಗಿರಲಿಲ್ಲ. ಹತ್ತು, ಹದಿನೈದು, ಇಪ್ಪತ್ತು ಕಾರ್ಡು ಬರೆದೆ. ನಡುನಡುವೆ ಅವರ ಕಿವಿಯ ಹತ್ತಿರ ಬಾಗಿ, "ಜಪಾನಿನವರ ಕೋಲು ಬಂದಾಗ ನೆನಪಿದೆಯಲ್ಲ ಆರ್ವಿಲ್? ಅದು ನಂದು, ಲೈಲಂದು" ಎಂದೆ. "ಹೂಂ ಹೂಂ" ಎಂದರು. ಯಾವುದಕ್ಕೆ ಹೂಂ ಎಂದರೋ ದೇವರಿಗೇ ಗೊತ್ತು.

ಮೂರೂವರೆಯ ಮೇಲೆ ಸಾಲು ಕರಗಿತು. ಆಗ ಹಾಲಿನ ಬಾಗಿಲಲ್ಲಿ ಗಲಿಬಿಲಿಯಾಯಿತು. ಬೂದು ಬಣ್ಣದ ಸೂಟಿನಲ್ಲಿ ಒಬ್ಬ ಸಣಕಲು ಮನುಷ್ಯ, ಕೈಯಲ್ಲಿ ಉದ್ದನೆಯ ಚರ್ಮದ ಪೆಟ್ಟಿಗೆ. ಡುವೇನ್ ಅವರನ್ನು ಕೈಹಿಡಿದು ಕರೆತಂದ. ತಮ್ಮ ತಮ್ಮ ಮೇಜಿನ ಹಿಂದಿದ್ದವರೆಲ್ಲ ಎದ್ದು ಬಂದು ಸುತ್ತುವರಿದರು. ಕಿತಾಬತಾಕೆ ಯಜಮಾನರಿಗೆ ಸೊಂಟದಿಂದ ಬಾಗಿ ನಮಸ್ಕಾರ ಮಾಡಿದರು.

"ತಡವಾಗಿದ್ದಕ್ಕೆ ಕ್ಷಮಿಸಿ. ಈ ಕೋಲು ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದೆ. ಮಾಡಿದವರ ಕೈಗೆ ಒಂದು ಸಲ ಕೊಡಬೇಕು ಅಂತ ಆಸೆ ಇತ್ತು" ಎಂದರು.

ಪೆಟ್ಟಿಗೆ ತೆರೆದರು. ಇಪ್ಪತ್ತೊಂಬತ್ತು ವರ್ಷದ ಮೇಲೆ ನನ್ನ ಕೋಲನ್ನು ನಾನು ನೋಡಿದೆ. ಮೇಪಲ್ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಎಂಟು ಎಬೊನಿ ಮೊನೆಗಳು ಒಂದೇ ಗೆರೆಗೆ ನಿಂತಿದ್ದವು, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲದೆ. ಹಿಡಿಯ ಮೇಲೆ ದಾರ ಇರಲಿಲ್ಲ, ಬರೀ ಮರ. ಬೇಕೆಂದೇ ದಾರ ಸುತ್ತಿರಲಿಲ್ಲ ನಾನು. ಸುತ್ತಿದ್ದರೆ, ದಾರ ಲೈಲಂದು, ಉಳಿದದ್ದು ಯಜಮಾನರದು ಎಂದು ಜನ ಭಾಗ ಮಾಡಿಬಿಡುತ್ತಾರೆ ಎಂದು ಆಗಲೇ ಲೆಕ್ಕ ಹಾಕಿದ್ದೆ.

ಯಜಮಾನರು ಕೋಲನ್ನು ಕೈಗೆ ತೆಗೆದುಕೊಂಡರು. ಬಿಚ್ಚಿದರು. ಹೆಬ್ಬೆರಳು ತಿರುಪಿನ ಸುತ್ತ ಹೋಯಿತು, ಮೊನೆಗಳ ಮೇಲೆ ಹೋಯಿತು, ಬೋಳು ಹಿಡಿಯ ಮೇಲೆ ನಿಂತಿತು. ಕಣ್ಣು ಮುಚ್ಚಿದರು. ನಾನು ಅವರ ಪಾದವನ್ನು ಎರಡು ಸಲ ಒತ್ತಿದೆ.

ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ನಂದು" ಎಂದರು.

ಸುತ್ತ ನಿಂತವರು ಒಟ್ಟಿಗೆ ಉಸಿರು ಬಿಟ್ಟರು. ನಾನು ಮತ್ತೆ ಎರಡು ಸಲ ಒತ್ತಿದೆ, ಈ ಸಲ ಜೋರಾಗಿ.

"ನಂದೇ ಇದು. ಚಳಿಗಾಲ. ಲೇತಿನ ಬೆಲ್ಟು ಕಿತ್ತುಹೋಗಿತ್ತು, ಪ್ಯಾಂಟಿನ ಬೆಲ್ಟು ಬಿಗಿದು ಓಡಿಸಿದೆ. ಮರ ಒಂದು ಹಳೇ ಚರ್ಚಿನ ಬೆಂಚಿಂದು. ಒಬ್ಬನೇ ಇದ್ದೆ. ಒಬ್ಬನೇ ಕೂತು ಮಾಡಿದೆ."

ಆ ಬೆಲ್ಟು ನನ್ನ ಪ್ಯಾಂಟಿನದು. ಆ ಬೆಂಚನ್ನು ಹೊತ್ತು ತಂದ ಬೆನ್ನು ನನ್ನದು. ಅವರು ಹಾಸಿಗೆ ಹಿಡಿದಿದ್ದಾಗ ಪ್ರತಿ ಭಾನುವಾರ ಹೋಗಿ ಇದನ್ನೆಲ್ಲ ಹೇಳಿದವನೂ ನಾನೇ. ಹೇಳಿದ್ದು ಅವರೊಳಗೆ ಉಳಿದಿತ್ತು, ಹೇಳಿದವನು ಉಳಿದಿರಲಿಲ್ಲ.

"ನಿಮಗೊಂದು ನಿಜ ಹೇಳ್ಲಾ?" ಯಜಮಾನರು ಕಿತಾಬತಾಕೆಯ ಕಡೆ ಬಾಗಿದರು. ಅಲ್ಲಿದ್ದವರೆಲ್ಲ ಬಾಗಿದರು. "ಇದಾದ ಮೇಲೆ ಇಂಥದ್ದು ಇನ್ನೊಂದು ಮಾಡ್ಬೇಕು ಅಂತ ಜೀವಮಾನವೆಲ್ಲ ಒದ್ದಾಡಿದೆ. ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಕೈಲಾಗ್ಲಿಲ್ಲ ಕಣ್ರೀ. ಇದರ ಹತ್ತಿರಕ್ಕೂ ಹೋಗೋಕಾಗ್ಲಿಲ್ಲ ನಂಗೆ."

ಇದನ್ನು ಅವರು ನನಗೆ ಒಂದು ದಿನವೂ ಹೇಳಿರಲಿಲ್ಲ. ಎಷ್ಟೋ ವರ್ಷ ಅದೇ ಶೆಡ್ಡಿನಲ್ಲಿ ಪಕ್ಕಪಕ್ಕದಲ್ಲಿ ಕೂತಿದ್ದೆವು. ನಾನು ದಾರ ಸುತ್ತುತ್ತಿದ್ದೆ, ಅವರು ಲೇತಿಗೆ ಬೆನ್ನು ಬಗ್ಗಿಸಿ ಒಂದು ಕೋಲಿನ ಮೊನೆಯನ್ನು ಮೂರು ಸಲ, ನಾಲ್ಕು ಸಲ ಕಿತ್ತು ಕೂರಿಸುತ್ತಿದ್ದರು. ಏನು ಸರಿಯಿಲ್ಲ ಎಂದು ಕೇಳಿದರೆ ಬೈಯುತ್ತಿದ್ದರು. ನನ್ನ ಜೀವನದಲ್ಲಿ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಇದು, ನನ್ನ ಕಣ್ಣೆದುರಿಗೇ ಬೇರೊಬ್ಬನಿಗೆ ಸಂದುಹೋಗುತ್ತಿತ್ತು. ನನಗೆ ಬಾಯಿ ಬಿಟ್ಟು ಅರಚಬೇಕು ಅನ್ನಿಸಿತು. ಮತ್ತೆ ಕಾಲು ಒತ್ತಿದೆ. ಒತ್ತಿದೆ, ಒತ್ತಿದೆ, ಎಷ್ಟು ಸಲ ಎಂದು ನೆನಪಿಲ್ಲ.

"ಯಾಕೋ ಲೈಲ್, ಆಗಿಂದ ಕಾಲು ತುಳೀತಿದೀಯಾ?" ಯಜಮಾನರು ಗಟ್ಟಿಯಾಗಿ ಕೇಳಿದರು. "ಬಾತ್‌ರೂಮಿಗೆ ಹೋಗ್ಬೇಕಾದ್ರೆ ಹೋಗಿ ಬಾರಪ್ಪ."

ಕಾಲಿನ ಗುಟ್ಟೂ ಅವರಿಂದ ಜಾರಿಹೋಗಿತ್ತು. ಜನ ಗೊಳ್ಳೆಂದು ನಕ್ಕರು. ಡುವೇನ್ ನಗಲಿಲ್ಲ. ಅವನು ನನ್ನನ್ನು ನೋಡಿದ, ಮೇಜಿನ ಬಟ್ಟೆಯನ್ನು ನೋಡಿದ. "ಏನಾದ್ರೂ ಹೇಳೋದಿದೆಯಾ ಲೈಲ್?" ಎಂದ.

ನಗು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದ್ದರು. ಅವರ ಹಿಂದೆ ವರ್ನಾ ಗೋಡೆಗೆ ಒರಗಿ ನಿಂತಿದ್ದರು. ಕೈಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದರು. ಅವರು ತಲೆ ಅಲ್ಲಾಡಿಸಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ಸುಮ್ಮನೆ ನೋಡಿದರು. ನಾನು ಒಂದು ಮಾತು ಆಡಿದರೆ ಸಾಕಿತ್ತು. ಯಜಮಾನರಿಗೆ ನೆನಪಿಲ್ಲ ಎಂದರೆ ಇವತ್ತಿನ ಇಪ್ಪತ್ತು ಕಾರ್ಡೂ ಹೋದವು, ಹೋದ ವರ್ಷದ್ದೂ ಹೋದವು, ಎಲ್ಲ ವರ್ಷದ್ದೂ ಸಂಶಯಕ್ಕೆ ಬಿದ್ದವು. ಈ ಮುದುಕನನ್ನು ಎಲ್ಲರೂ ಮಾತಾಡಿಸಿ, ಬೆನ್ನು ಸವರಿ, ಬೇರೆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಅಷ್ಟಾಗಿಯೂ ಆ ಕೋಲು ನನ್ನದಾಗುವುದಿಲ್ಲ. ಅದು ಯಾರದೂ ಅಲ್ಲದ ಕೋಲಾಗುತ್ತದೆ. ನನ್ನದು ಎಂದು ಹೇಳಬಲ್ಲ ಬಾಯಿ ಇದೊಂದೇ, ಅದನ್ನೇ ನಾನು ಮುಚ್ಚಿಸಿದ ಹಾಗೆ.

"ಏನಿಲ್ಲಪ್ಪ. ಕಾಲು ಜೋಮು ಹಿಡಿದಿದೆ" ಎಂದೆ.

ಯಜಮಾನರು ನನ್ನ ಭುಜದ ಮೇಲೆ ಕೈ ಹಾಕಿದರು. ಎರಡು ವರ್ಷದಲ್ಲಿ ಅವರನ್ನು ಅಷ್ಟು ಸಂತೋಷವಾಗಿ ನಾನು ಕಂಡಿರಲಿಲ್ಲ. "ಇವನನ್ನ ನೋಡಿ ನಗ್ಬೇಡ್ರಪ್ಪಾ" ಎಂದರು. "ಇವನು ಲೈಲ್. ಎಲ್ಲರೂ ನನ್ನ ಹೆಸರು ಹೇಳ್ತೀರಿ, ಇವನ ಹೆಸರು ಯಾರೂ ಹೇಳಲ್ಲ. ಅದು ತಪ್ಪು. ನಾನು ಮಾಡಿದ ಪ್ರತಿಯೊಂದು ಕೋಲಲ್ಲೂ ಇವನ ಕೈ ಇದೆ. ಇದನ್ನ ನಾಲ್ಕು ಜನರ ಮುಂದೆ ಹೇಳ್ಬೇಕು ಅಂತ ಬೆಳಿಗ್ಗೆಯಿಂದ ಮನಸಲ್ಲಿತ್ತು." ನಂತರ ಮಡಿಲಲ್ಲಿದ್ದ ಕೋಲನ್ನು ನೋಡಿ, ಅದರ ಬೋಳು ಹಿಡಿಯನ್ನು ಸವರಿ, ನನ್ನನ್ನು ಸಮಾಧಾನ ಮಾಡುವವರಂತೆ ಮೆತ್ತಗೆ ಹೇಳಿದರು: "ಇದೊಂದರಲ್ಲಿ ಮಾತ್ರ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಕಿತಾಬತಾಕೆ ನನಗೂ ಬಾಗಿ ನಮಸ್ಕಾರ ಮಾಡಿದರು. ನಾನು ಕಾರ್ಡ್ ತೆಗೆದುಕೊಂಡೆ. ಕೋಲಿನ ಉದ್ದ ಬರೆದೆ, ಮರದ ಹೆಸರು ಬರೆದೆ, ಮೊನೆ ಎಂಟು ಎಂದು ಬರೆದೆ, ಮಾಡಿದವರು ಎನ್ನುವ ಸಾಲಿನಲ್ಲಿ ಆರ್ವಿಲ್ ಟೆಸ್ಮರ್ ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂತು. ಕಾರ್ಡನ್ನು ಯಜಮಾನರ ಮುಂದಿಟ್ಟು ಪೆನ್ನು ಕೊಟ್ಟೆ. ಅವರು ಪೆನ್ನು ಹಿಡಿದು ಕಾರ್ಡನ್ನೇ ನೋಡುತ್ತಾ ಕೂತರು. ಸಹಿ ಎಲ್ಲಿ ಹಾಕಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ. ನಾನೇ ಬೆರಳಿಟ್ಟು ತೋರಿಸಿದೆ.